ಹಿರಿಯರ ಎಡೆಗೆ ಮೀಲ್ ಮೇಕರ್

ಅವತ್ತು ನಮ್ಮ ಪಡಸಾಲೆಯಲ್ಲಿ ಇದ್ದವರು ನಾಲ್ಕೇ ಜನ. ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಊದಿದ ಹೆಬ್ಬೆರಳನ್ನೇ ದಿಟ್ಟಿಸುತ್ತ ಕೂತಿದ್ದ ನಮ್ಮ ಯಜಮಾನರು. ಅವರೆದುರು ಕಂಬಕ್ಕೆ ಒರಗಿ, ಮೊರದಲ್ಲಿ ಅಲಸಂದೆಕಾಯಿ ಬಿಡಿಸುತ್ತಿದ್ದ ನಮ್ಮ ಅತ್ತೆ. ಚಿಂತಾಮಣಿ ಕಾಲೇಜಿನಿಂದ ಆಗಷ್ಟೇ ಬಂದು, ಬ್ಯಾಗನ್ನೂ ಇಳಿಸದೆ ನಿಂತಿದ್ದ ಮಗಳು. ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದ ನಾನು. ಗೋಡೆಯ ಮೇಲಿನ ಫೋಟೋದಲ್ಲಿ ಮಾವನವರೂ ಇದ್ದರು ಅನ್ನಿ. ತೀರಿಕೊಂಡು ವರ್ಷಗಳಾಗಿದ್ದರೂ ಈ ಕಥೆಯಲ್ಲಿ ಅವರ ಪಾಲೇನೂ ಕಡಿಮೆಯಿಲ್ಲ.

"ಇವತ್ತಿಂದ ಈ ಮನೇಲಿ ಬಾಡು ಬಂದ್," ಅಂದರು ಯಜಮಾನರು.

ಚಿಕ್ಕಬಳ್ಳಾಪುರದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ಜಾಸ್ತಿಯಾಗಿದೆ, ಮಟನ್ ಬಿಡಿ, ಅದರಲ್ಲೂ ಲಿವರು, ಬೋಟಿ ಇಂಥದ್ದನ್ನೆಲ್ಲ ಮರೆತೇಬಿಡಿ ಅಂದಿದ್ದರಂತೆ. ಡಾಕ್ಟರು ಹೇಳಿದ್ದು ಒಬ್ಬರಿಗೆ. ಇವರು ಅದನ್ನು ಮನೆಮಂದಿಗೆಲ್ಲ ಹಂಚಿದರು.

ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಎಸೆದು, "ಬೆರಳು ಊದಿರೋದು ನಿಂದು. ನನ್ ಬಾಯಿ ಯಾಕಪ್ಪ ಕಟ್ತೀಯ?" ಅಂದರು.

"ನೀವೆಲ್ಲ ತಿಂತಾ ಕೂತ್ರೆ ನಾನು ಹೆಂಗಮ್ಮ ಸುಮ್ನಿರ್ಲಿ? ಮಸಾಲೆ ವಾಸ್ನೆ ಬಂದ್ರೆ ನನ್ ಕೈಲಿ ತಡ್ಕೊಳೋಕಾಗಲ್ಲ."

ಅದೂ ನಿಜವೇ. ಮೂಳೆ ಚೀಪಿ ಚೀಪಿ ತಟ್ಟೆ ಪಕ್ಕ ಗೋಪುರ ಕಟ್ಟುತ್ತಿದ್ದ ಮನುಷ್ಯ. ಅತ್ತೆಗೆ ಮಗನ ಹೆಬ್ಬೆರಳು ನೋಡಿ ಕರುಳು ಚುರುಕ್ಕೆಂದಿರಬೇಕು. "ಆಯ್ತು, ನಿನ್ ಕಾಲು ನೆಟ್ಟಗಾಗ್ಲಿ. ನಂಗೂ ಬೇಡ. ಆದ್ರೆ ಪೆದ್ದಲ ಪಂಡಗದ ದಿನ ನಿಮ್ಮಪ್ಪನ ಎಡೇಲಿ ಬೋಟಿ ಇರಬೇಕು. ಅದೊಂದು ಮಾತ್ರ ಬಿಡಲ್ಲ," ಅಂದರು.

"ಆಗ ನೋಡಣ ಬಿಡಮ್ಮ."

"ನೋಡಣ ಅಲ್ಲ. ಇರಬೇಕು."

ನಮ್ಮತ್ತೆಯ ತವರು ಆಂಧ್ರದ ಗಡಿಯಂಚಿನ ಹಳ್ಳಿ. ಮಾತಿನಲ್ಲಿ ಅರ್ಧ ತೆಲುಗೇ. ಪೆದ್ದಲ ಪಂಡಗ ಅಂದರೆ ಹಿರಿಯರ ಹಬ್ಬ, ಪಿತೃಪಕ್ಷದ ಅಮಾವಾಸ್ಯೆ. ಆವತ್ತು ನಮ್ಮ ಕಡೆ ತೀರಿಕೊಂಡವರ ಫೋಟೋ ಮುಂದೆ ಬಾಳೆಲೆ ಹಾಕಿ, ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸುತ್ತೇವೆ. ಆ ಎಡೆಯಿಂದ ಒಂದಿಷ್ಟು ತೆಗೆದು ತಾರಸಿಯ ಮೇಲಿಡಬೇಕು. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡ ಹಾಗೆ. ಅದು ಮುಟ್ಟುವವರೆಗೆ ಮನೆಯಲ್ಲಿ ಯಾರೂ ತುತ್ತು ಎತ್ತುವ ಹಾಗಿಲ್ಲ. ಮಾವನವರು ಕೊನೇ ದಿನಗಳಲ್ಲಿ ಗಂಟಲಲ್ಲಿ ಗಂಜಿ ಕೂಡ ಇಳಿಯದೆ ಮಲಗಿದ್ದಾಗ ಅತ್ತೆಯ ಕೈ ಹಿಡಿದು ಕೇಳಿದ್ದು ಒಂದೇ: "ವರ್ಷಕ್ಕೊಂದು ದಿನ ನಿನ್ ಕೈ ಬೋಟಿ ನಂಗೆ ಮರೀಬೇಡ ಕಣೇ." ಅತ್ತೆ ಹೂಂ ಅಂದಿದ್ದರು. ನಾನು ಪಕ್ಕದಲ್ಲೇ ಇದ್ದೆ. ಅಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ.

ಬಾಡು ಬಂದ್ ಅಂದಾಗ ಒಳಗೊಳಗೇ ಖುಷಿಪಟ್ಟವಳು ನಾನೊಬ್ಬಳೇ. ಬೋಟಿ ತಿನ್ನುವವರಿಗೆ ಅದರ ರುಚಿ ಗೊತ್ತು. ತೊಳೆಯುವವರಿಗೆ ಗೊತ್ತಿರುವುದು ಬೇರೆ. ಕುರಿಯ ಹೊಟ್ಟೆಚೀಲ ಬಿಡಿಸಿದರೆ ಒಳಗೆ ಅರೆಬರೆ ಅರಗಿದ ಹುಲ್ಲು, ಹಸಿರು ಸಗಣಿ, ಅದರ ಬಿಸಿಬಿಸಿ ಹುಳಿ ನಾತ. ಕರುಳನ್ನು ಕಡ್ಡಿಗೆ ಸಿಕ್ಕಿಸಿ ಕಾಲುಚೀಲ ಮಗುಚಿದ ಹಾಗೆ ಒಳಹೊರಗು ಮಾಡಬೇಕು. ಲೋಳೆ ಬೆರಳಿಗೆ ಅಂಟಿಕೊಂಡು ದಾರದ ಹಾಗೆ ಇಳಿಬೀಳುತ್ತದೆ. ಕುದಿನೀರು ಸುರಿದು, ಸುಣ್ಣ ಹಚ್ಚಿ, ಕಲ್ಲುಪ್ಪಿನಲ್ಲಿ ಉಜ್ಜಿ, ಚಾಕುವಿನ ಬೆನ್ನಿನಿಂದ ಆ ಕಪ್ಪು ಪೊರೆಯನ್ನು ಕೆರೆಯಬೇಕು. ಒಳಗಡೆಯೋ, ಹಳೇ ಟವೆಲ್ಲಿನ ಹಾಗೆ ಜುಂಗುಜುಂಗು. ಎಷ್ಟು ಸೋಪು ಹಾಕಿ ತೊಳೆದರೂ ಮಾರನೇ ದಿನ ಕಾಫಿ ಲೋಟ ಬಾಯಿಗೆತ್ತಿದರೆ ಬೆರಳು ನಾರುತ್ತಿರುತ್ತದೆ.

ಇದರ ಮೇಲೊಂದು ಕಟ್ಟುಪಾಡು. ನಾನು ಮದುವೆಯಾಗಿ ಬಂದ ವರ್ಷ, ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಪಕ್ಕ ಅತ್ತೆ ನನ್ನನ್ನು ಕೂರಿಸಿ, ಮೊದಲ ಸಲ ಬೋಟಿಯ ತಪ್ಪಲೆ ಮುಂದಿಟ್ಟಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ಸೆರಗು ಸರಿಸಿ ಮೆಲ್ಲಗೆ ಹೇಳಿದರು: "ಮೂಗು ಮುಚ್ಚಬಾರ್ದು ಕಣಮ್ಮ, ಛೀ ಅನ್ನಬಾರ್ದು. ಹಿರಿಯರಿಗೆ ಮಾಡೋದು. ನಾವು ಅಸಹ್ಯ ಪಟ್ಕೊಂಡ್ರೆ ಅವ್ರು ಎಲೆ ಬಿಟ್ಟು ಎದ್ದೋಗ್ತಾರೆ." ಆಮೇಲೆ ನಾನು ಛೀ ಅನ್ನಲಿಲ್ಲ. ಉಸಿರು ಬಿಗಿಹಿಡಿದು, ಬಾಯಲ್ಲಿ ಬಂದ ಎಂಜಲನ್ನು ನುಂಗಿಕೊಂಡು ತೊಳೆದೆ. ಅತ್ತೆಯಂತೂ ಮುಖದ ಒಂದು ಗೆರೆ ಕೂಡ ಅಲುಗದ ಹಾಗೆ ತೊಳೆಯುತ್ತಿದ್ದರು. ಅವರನ್ನು ನೋಡಿ, ಇವರಿಗೆ ಮೂಗೇ ಇಲ್ಲವೇನೋ ಅಂದುಕೊಳ್ಳುತ್ತಿದ್ದೆ.

ಆದ್ದರಿಂದ ಸಸ್ಯಾಹಾರ ಅಂದಾಗ, ಸೊಪ್ಪು, ಬಸ್ಸಾರು, ಉಪ್ಸಾರು, ಮುದ್ದೆ ಅಂತ ಆರಾಮಾಗಿರಬಹುದು ಅಂದುಕೊಂಡೆ. ನಮಗೆ ಅದೇನು ಹೊಸದೇ? ಶ್ರಾವಣದಲ್ಲಿ ಹೇಗೂ ತಿನ್ನುತ್ತಿರಲಿಲ್ಲ. ಯಜಮಾನರಿಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮಲಗಿದಲ್ಲೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ, "ಬರೀ ಸೊಪ್ಪಲ್ಲಿ ಪ್ರೋಟೀನ್ ಇಲ್ಲ ಕಣೇ," ಅಂತ ಶುರು ಹಚ್ಚಿಕೊಂಡರು. ಪ್ರೋಟೀನ್ ಅನ್ನುವುದು ನಮ್ಮ ಮನೆಗೆ ಒಂದು ಪಾರದರ್ಶಕ ಕವರಿನಲ್ಲಿ ಬಂತು. ಅದೇ ಮೀಲ್ ಮೇಕರ್.

ಸೋಯಾದ ಆ ಒಣ ಉಂಡೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ನೋಡಿದ್ದೀರೋ ಇಲ್ಲವೋ. ಊದಿಕೊಂಡು ಸ್ಪಂಜಿನಂತಾಗುತ್ತವೆ. ಹಿಂಡಿದರೆ ನೊರೆನೊರೆ ನೀರು ಬರುತ್ತದೆ, ಮಳೆಯಲ್ಲಿ ನೆಂದ ಗೋಣಿಚೀಲದ ವಾಸನೆ. ನಮ್ಮ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಮನೆಗಳ ಬೀದಿಗೆ ಹೋದರೆ ಗೂಡಿನೊಳಗೆ ಬೆಂದ ರೇಷ್ಮೆಹುಳದ ನಾತ ಮೂಗಿಗೆ ಬಡಿಯುತ್ತದೆ. ಹೊರಗಿನವರು ಕರ್ಚೀಫು ತೆಗೆಯುತ್ತಾರೆ. ನಾವು ಹುಳ ಸಾಕುವ ಮನೆಯವರು, ಆ ನಾತ ನಮಗೆ ನಾತವೇ ಅಲ್ಲ. ಅಂಥ ನನಗೇ ಮೀಲ್ ಮೇಕರ್ ಹಿಂಡುವಾಗ ಹೊಟ್ಟೆ ತೊಳೆಸಿತು. ಹಲ್ಲಿಗೆ ಸಿಕ್ಕರೆ ಕಿರ್ ಕಿರ್ ಅನ್ನುತ್ತದೆ, ಒಳಗಿಂದ ಸಾರು ಚಿಮ್ಮುತ್ತದೆ, ಆಮೇಲೆ ಉಳಿಯುವುದು ಅಗಿದಷ್ಟೂ ಅಗಿಯುವ ಬಟ್ಟೆ.

ಅತ್ತೆ ಮೊದಲ ದಿನ ಒಂದು ತುಂಡನ್ನು ಬಾಯಿಗೆ ಹಾಕಿ, ಅತ್ತಿತ್ತ ಹೊರಳಿಸಿ, ತೆಗೆದು ತಟ್ಟೆಯಂಚಿನಲ್ಲಿಟ್ಟರು. "ಛೀ ಛೀ, ಇದೇಮಿರಾ ಇದಿ? ಯಾರೋ ಅಗಿದು ಉಗಿದಿರೋದನ್ನ ಮತ್ತೆ ಬೇಯಿಸಿದಂಗದೆ."

"ಅಜ್ಜಿ, ಅದು ಪ್ರೋಟೀನು," ಅಂದಳು ಮಗಳು.

"ನಿಮ್ಮಪ್ಪನ ತಲೆ ಪ್ರೋಟೀನು. ತಲ್ಲಿ, ಆ ಉಪ್ಪಿನಕಾಯಿ ಈ ಕಡೆ ತಳ್ಳು."

ಇದು ಸಾಲದು ಅಂತ ಬೆಳಗಿನ ಬೂದುಗುಂಬಳದ ರಸ. ಹಸಿಯಾಗಿ ರುಬ್ಬಿ, ಸೋಸಿ, ಸಿಂಬಳದ ಬಣ್ಣದ ಆ ನೀರನ್ನು ಇವರು ಕಣ್ಣುಮುಚ್ಚಿ ಗಟಗಟ ಕುಡಿದು, ಮೈಯೆಲ್ಲ ಒಮ್ಮೆ ಕೊಡವಿ, "ಆಹಾ" ಅನ್ನುತ್ತಿದ್ದರು. ಆ ಆಹಾ ಕೇಳಿದರೇ ನನಗೆ ವಾಕರಿಕೆ. ತೋಫು ಅಂತ ಒಂದು ತಂದರು, ಬಚ್ಚಲಿನಲ್ಲಿ ನೆಂದು ಮೆತ್ತಗಾದ ಸೋಪಿನ ತುಂಡು. ಮೊಳಕೆಕಾಳು ಒಂದು ದಿನ ಜಾಸ್ತಿಯಾಗಿ ಡಬ್ಬಿಯೊಳಗೆ ಲೋಳೆ ಕಟ್ಟಿತ್ತು. ಮುಚ್ಚಳ ತೆಗೆದವಳು ಅಲ್ಲೇ ಮುಚ್ಚಿ, ಡಬ್ಬಿ ಸಮೇತ ತಿಪ್ಪೆಗೆ ಎಸೆದು ಬಂದೆ.

ಹೆಬ್ಬೆರಳ ಊತ ಇಳಿಯಿತು, ಅದನ್ನು ಸುಳ್ಳೆನ್ನಬಾರದು. ಆದರೆ ಊತ ಇಳಿದಂತೆಲ್ಲ ಇವರ ಮಾತು ಊದುತ್ತ ಹೋಯಿತು. ಗಣೇಶನ ಹಬ್ಬ ಕಳೆದ ಮೇಲೆ ಗೌರಿಬಿದನೂರಿನ ನೆಂಟರ ಮನೆಯಲ್ಲಿ ಬಾಡೂಟವಿತ್ತು. ಪಂಕ್ತಿಯಲ್ಲಿ ಕೂತು, ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, ಪಕ್ಕದಲ್ಲಿ ಉಣ್ಣುತ್ತಿದ್ದವರಿಗೆ, "ಹೆಣ ಹೆಂಗ್ರೀ ತಿಂತೀರಾ?" ಅಂದುಬಿಟ್ಟರು. ಆ ಮನುಷ್ಯ ಕೈಯಲ್ಲಿದ್ದ ತುಂಡನ್ನು ಎಲೆಗೆ ಬಿಟ್ಟ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅತ್ತೆ ಬಿಡಲಿಲ್ಲ. "ಗೂಡುಗೂಡು ಹುಳ ಜೀವಂತ ಬೇಯಿಸೋಕೆ ಕೊಟ್ಟು ಬರೋನು ನೀನು. ಪಾಪ, ಉಣ್ತಾ ಇರೋರ ಎಲೆ ಮುಂದೆ ಹೆಣ ಅಂತೀಯ? ನಾಲ್ಗೆ ಮೇಲೆ ಹಿಡಿತ ಇಲ್ದಿದ್ರೆ ಸೊಪ್ಪು ತಿಂದೇನು ಬಂತು?"

ಇವರು ಕಿಟಕಿ ಕಡೆ ತಿರುಗಿ ಕೂತರು. ಹೆದರಿಕೆ, ಅದು ನನಗೆ ಗೊತ್ತಿತ್ತು. ಒಂದು ತುಂಡು ಬಾಯಿಗೆ ಬಿದ್ದರೆ ತಮ್ಮನ್ನು ತಾವು ತಡೆಯಲಾರರು, ಮತ್ತೆ ಆ ಬೆರಳ ನೋವು, ಆ ಕೂಗಾಟ. ಅದನ್ನು ಹೇಳಿಕೊಳ್ಳಲಾಗದೆ ಹೇಸಿಗೆಯ ನಾಟಕ ಕಟ್ಟಿದ್ದರು.

ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ನೆನಪಿಸಿದರು. "ಬೆಳಿಗ್ಗೆ ಬೇಗ ಹೋಗಿ ಬೋಟಿ ತಾಪ್ಪ. ಹೊತ್ತಾದ್ರೆ ಸಿಗಲ್ಲ."

"ಇಲ್ಲಮ್ಮ. ಈ ಮನೆ ಹೊಸ್ತಿಲು ದಾಟಿ ಅದು ಬರೋದು ಬೇಡ. ಮೀಲ್ ಮೇಕರ್‌ಗೆ ಅದೇ ಬೋಟಿ ಮಸಾಲೆ ಹಾಕಿ ಮಾಡ್ಲಿ. ಅಪ್ಪಂಗೆ ಘಮ ಹೋದ್ರೆ ಆಯ್ತು. ಸತ್ತೋರೇನು ಕಚ್ಚಿ ನೋಡ್ತಾರಾ?"

ಅತ್ತೆ ಬೈಯುತ್ತಾರೆ ಅಂತ ನಾನೂ ಮಗಳೂ ಕಾದೆವು. ಅವರು ಫೋಟೋ ಕಡೆ ನೋಡಿ, ಎದ್ದು ಒಳಗೆ ಹೋದರು. ಅವರ ಬೈಗುಳಕ್ಕಿಂತ ಅದೇ ನನಗೆ ಭಯವಾಯಿತು.

ಬೆಳಿಗ್ಗೆ ನಾನೇ ಮಾಡಿದೆ. ಹುರಿದ ಧನಿಯ, ಗಸಗಸೆ, ಚಕ್ಕೆ, ಲವಂಗ, ಕೊಬ್ಬರಿ, ಎಲ್ಲ ಅದೇ ಹದ. ಹಿರಿಯರ ಅಡುಗೆಯಲ್ಲಿ ಉಪ್ಪು ನೋಡುವ ಹಾಗಿಲ್ಲ, ಎಡೆಗಿಂತ ಮೊದಲು ನಾಲಿಗೆಗೆ ತಾಗಿಸಬಾರದು. ಅವತ್ತು ಆ ಕಟ್ಟುಪಾಡಿಗೆ ಕೈಮುಗಿದೆ. ಮಸಾಲೆಯಲ್ಲಿ ಆ ಉಂಡೆಗಳು ಕುದಿಯುತ್ತಿದ್ದದ್ದನ್ನು ನೋಡಿದರೆ, ಹೆಣಕ್ಕೆ ಬಾಸಿಂಗ ಕಟ್ಟಿದ ಹಾಗಿತ್ತು. ಬಾಳೆಲೆಯಲ್ಲಿ ಮುದ್ದೆ, ಅನ್ನ, ವಡೆ, ಪಾಯಸ, ಅದರ ಪಕ್ಕ ಇದು. ಪೂಜೆ ಮಾಡಿದೆವು. ಯಜಮಾನರು ಒಂದು ತುಂಡು ಎಲೆಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಕೊಂಡು ತಾರಸಿಯ ಮೋಟುಗೋಡೆಯ ಮೇಲಿಟ್ಟು, "ಕಾ ಕಾ" ಅಂತ ಕೂಗಿದರು.

ಕಾಗೆ ಬಂತು. ನಾವು ನಾಲ್ವರೂ ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು ನೋಡುತ್ತಿದ್ದೆವು. ಎಲೆಯ ಹತ್ತಿರ ಹೋಗಿ ಓರೆಗಣ್ಣಿನಲ್ಲಿ ನೋಡಿತು. ವಡೆಯನ್ನೂ ಮುಟ್ಟಲಿಲ್ಲ, ಅನ್ನವನ್ನೂ ಮುಟ್ಟಲಿಲ್ಲ. ಮೀಲ್ ಮೇಕರಿನ ಒಂದು ಉಂಡೆಯನ್ನು ಕೊಕ್ಕಿನಿಂದ ಎಳೆದುಕೊಂಡು, ಎರಡು ಹೆಜ್ಜೆ ಅತ್ತ ಕುಪ್ಪಳಿಸಿ, ಕುಕ್ಕಿತು. ಅದು ಮೆತ್ತಗೆ ಕುಗ್ಗಿ ಮತ್ತೆ ಉಬ್ಬಿತು. ಕಾಗೆ ತಲೆ ಓರೆ ಮಾಡಿ ಇನ್ನೊಮ್ಮೆ ಕುಕ್ಕಿತು. ಮತ್ತೆ ಉಬ್ಬಿತು. ಅದನ್ನು ಅಲ್ಲೇ ಬಿಟ್ಟು, ಕೊಕ್ಕನ್ನು ಸಿಮೆಂಟಿಗೆ ಆ ಕಡೆ ಈ ಕಡೆ ಚೆನ್ನಾಗಿ ಒರೆಸಿಕೊಂಡು ಹಾರಿಹೋಯಿತು.

"ಮುಟ್ತಲ್ಲ, ಆಯ್ತು ಬನ್ನಿ," ಅಂದರು ಯಜಮಾನರು.

"ಮುಟ್ಟಿದ್ದಲ್ಲಪ್ಪ, ಉಗಿದು ಹೋಗಿದ್ದು," ಅಂದಳು ಮಗಳು. ನನಗೆ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡೆ. ಅತ್ತೆಯ ಮುಖ ನೋಡಿ ನಗು ಇಂಗಿತು.

"ಅವ್ರು ಉಂಡಿಲ್ಲ," ಅಂದರು ಅತ್ತೆ. ಕೆಳಗಿಳಿದು, ಫೋಟೋ ಮುಂದೆ ಗೋಡೆಗೊರಗಿ ಕೂತರು. ಬೆಳಿಗ್ಗೆ ಕುಡಿದ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು. ಮಧ್ಯಾಹ್ನ ಇಳಿಯಿತು. ಮತ್ತೆ ಮತ್ತೆ ತಾರಸಿಗೆ ಹೋಗಿ ನೋಡಿದೆ, ಎಲೆಯಲ್ಲಿ ಇರುವೆ ಹತ್ತಿತ್ತು, ಕಾಗೆಯಿಲ್ಲ. ಒಂದು ಬಾಳೆಹಣ್ಣೂ ನೀರೂ ತಂದು ಮುಂದಿಟ್ಟರೆ ತಲೆ ಅಲ್ಲಾಡಿಸಿದರು. "ಅವ್ರಿಗೆ ಹೂಂ ಅಂದಿದ್ದೀನಿ ಕಣಮ್ಮ. ಕೇಳಿದ್ದೊಂದೇ ಒಂದು. ನಾನು ಹೆಂಗೆ ಉಣ್ಲಿ?"

ಅಷ್ಟು ಹೇಳುವಾಗ ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಾಗಿಲಲ್ಲಿ ನಿಂತಿದ್ದ ಯಜಮಾನರು ಅದನ್ನು ನೋಡಿದರು. ಮೊಳೆಯಲ್ಲಿ ನೇತುಹಾಕಿದ್ದ ಸ್ಕೂಟರಿನ ಕೀ ತೆಗೆದುಕೊಂಡು ಹೊರಟರು. ಆ ಹೊತ್ತಿಗೆ ಅತ್ತೆಗೆ ಒಂದಿಷ್ಟು ಬೆಲ್ಲದ ನೀರನ್ನಾದರೂ ಕುಡಿಯುವ ಹಾಗೆ ಮಗಳು ಒಪ್ಪಿಸಿದಳು. "ಇದು ಊಟ ಅಲ್ಲಜ್ಜಿ, ನೀರು. ತಾತ ಬೈಯಲ್ಲ."

ಶಿಡ್ಲಘಟ್ಟದ ಮಟನ್ ಅಂಗಡಿಗಳಲ್ಲಿ ಅಮಾವಾಸ್ಯೆಯ ದಿನ ಬೆಳಗಾಗುವುದರೊಳಗೆ ಸಾಲು. ಇವರು ಹೋದಾಗ ತೊಳೆದಿಟ್ಟದ್ದೆಲ್ಲ ಖಾಲಿ. ಸಿಕ್ಕಿದ್ದು ಹಾಗೇ ಕಿತ್ತಿಟ್ಟಿದ್ದ ಒಂದು. ಕಪ್ಪು ಕವರನ್ನು ತೋಳಿನಷ್ಟು ದೂರ ಹಿಡಿದುಕೊಂಡು ಬಂದು, ಹಿತ್ತಲ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು, "ನೋಡ್ಕೋ," ಅಂದವರೇ ಕೊಟ್ಟಿಗೆಯ ಆಚೆ ಹೋಗಿ ನಿಂತರು.

ಒಗೆಯುವ ಕಲ್ಲಿನ ಪಕ್ಕ ಕೂತು ಗಂಟು ಬಿಚ್ಚಿದೆ. ಬಿಸಿಲಲ್ಲಿ ಬಂದದ್ದು. ಕವರಿನೊಳಗಿಂದ ಆ ಹುಳಿ ನಾತ ಒಂದು ಉಸಿರಿನ ಹಾಗೆ ನನ್ನ ಮುಖಕ್ಕೆ ಬಂತು. ಇಷ್ಟು ವರ್ಷ ಬಿಗಿಹಿಡಿಯುತ್ತಿದ್ದವಳು ನಾನೇ, ಆದರೆ ನಡುವೆ ಅಭ್ಯಾಸ ತಪ್ಪಿತ್ತು. ತಡೆಯಲಿಕ್ಕೆ ಆಗಲಿಲ್ಲ. ಖಾಲಿ ಹೊಟ್ಟೆಯಿಂದ ಕಹಿ ನೀರು ಕಿತ್ತುಕೊಂಡು ಬಂದು, ಅಲ್ಲೇ ಮೋರಿಗೆ ವಾಂತಿ ಮಾಡಿಕೊಂಡೆ. "ಛೀ" ಅಂತ ಬಾಯಲ್ಲಿ ಬಂದೇಬಿಟ್ಟಿತು. ಬಾಯಿ ಒರೆಸಿಕೊಂಡು ತಿರುಗಿ ನೋಡಿದೆ. ಹಿಂದೆ ಅತ್ತೆ ನಿಂತಿದ್ದರು.

ಅವರು ಮಣಿಕಟ್ಟು ಹಿಡಿದು ನನ್ನನ್ನು ಅತ್ತ ಸರಿಸಿ, ನಿಧಾನಕ್ಕೆ ಮಂಡಿಯೂರಿ ಕೂತರು. ಕವರನ್ನು ತಪ್ಪಲೆಗೆ ಸುರಿದು, ಬಿಸಿನೀರು ಹೊಯ್ದು, ಸುಣ್ಣಕ್ಕೆ ಕೈ ಹಾಕಿದರು. ತಲೆಯೆತ್ತದೆ ಅಂದರು, "ನಂಗೂ ಹಿಂಗೇ ಆಗೋದು."

"ಏನತ್ತೆ?"

"ವಾಂತಿ. ಮದುವೆಯಾದ ಹೊಸದ್ರಲ್ಲಿ. ಆಮೇಲಾಮೇಲೆ ಹೊಟ್ಟೆ ಒಳಗೇ ಮಾಡ್ಕೊಳೋದು ಕಲ್ತೆ." ಕರುಳನ್ನು ಕಡ್ಡಿಗೆ ಸಿಕ್ಕಿಸುತ್ತ ಮುಂದುವರಿಸಿದರು. "ನಂಗೆ ಬೋಟಿ ಯಾವತ್ತೂ ಸೇರ್ತಿರ್ಲಿಲ್ಲ ಕಣಮ್ಮ. ಒಂದು ತುಂಡು ತಿನ್ನೋಳು, ಅವ್ರು ನೋಡ್ತಾರೆ ಅಂತ. 'ನಿನ್ನಂಗೆ ಬೋಟಿ ತೊಳೆಯೋರು ಈ ಸುತ್ತಲ್ಲೇ ಇಲ್ಲ' ಅಂತ ಒಂದ್ಸಲ ಅಂದ್ಬಿಟ್ರು, ಅಷ್ಟೇ. ಆ ಮಾತಿಗೆ ಬಿದ್ದೆ."

"ಮತ್ತೆ ನಂಗೆ ಮೂಗು ಮುಚ್ಚಬೇಡ ಅಂದಿದ್ರಿ?"

"ನಮ್ಮತ್ತೆ ನಂಗಂದಿದ್ರು. ನಾನು ನಿಂಗಂದೆ." ಅವರ ಮೂಗಿನ ಹೊಳ್ಳೆ ಸಣ್ಣಗೆ ಅದುರಿತು. ಇಷ್ಟು ವರ್ಷ ಅದನ್ನು ನಾನು ಹೇಗೆ ನೋಡಿರಲಿಲ್ಲವೋ. "ಥೂ, ಏನು ನಾತನೇ ತಾಯಿ ಇದು!" ಅಂದುಬಿಟ್ಟರು. ಅಂದವರೇ ಗಾಬರಿಯಾಗಿ ಆಕಾಶದ ಕಡೆ ನೋಡಿದರು. ಆಮೇಲೆ ನಗಲಿಕ್ಕೆ ಶುರು ಮಾಡಿದರು. ನಾನೂ ಸೇರಿಕೊಂಡೆ. ಲೋಳೆ ಕೈಗಳನ್ನು ಗಾಳಿಯಲ್ಲಿ ಎತ್ತಿಹಿಡಿದು, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ನಡುನಡುವೆ ನಾನು ವಾಕರಿಸುತ್ತಿದ್ದೆ, ಅವರು "ಥೂ" ಅನ್ನುತ್ತಿದ್ದರು. ಕೊಟ್ಟಿಗೆ ಆಚೆಯಿಂದ ಯಜಮಾನರು, "ಏನಾಯ್ತಮ್ಮಾ?" ಅಂತ ಎರಡು ಸಲ ಕೂಗಿದರು.

ಕುಕ್ಕರಿನಲ್ಲಿ ಬೇಯಿಸಿ, ಬೆಳಗಿನ ಮಸಾಲೆಯನ್ನೇ ಮತ್ತೆ ರುಬ್ಬಿ ಹಾಕಿದೆ. ಹೊತ್ತು ಇಳಿಯುತ್ತಿದ್ದಾಗ ಹೊಸ ಎಲೆ ಇಟ್ಟು, ತಾರಸಿಗೆ ಅತ್ತೆಯೇ ಹತ್ತಿ ಹೋದರು, ಮಗಳು ಸೊಂಟ ಹಿಡಿದುಕೊಂಡಿದ್ದಳು. ಗೂಡಿಗೆ ಹೋಗುತ್ತಿದ್ದ ಕಾಗೆಗಳಲ್ಲಿ ಒಂದು ಇಳಿದು, ಅತ್ತಿತ್ತ ನೋಡದೆ ಬೋಟಿಯ ತುಂಡನ್ನು ಕಚ್ಚಿಕೊಂಡು ಹೋಯಿತು. ಅತ್ತೆ ಕಣ್ಣೊರೆಸಿಕೊಂಡು, "ಬಡ್ಸಮ್ಮ, ಹೊಟ್ಟೆ ಹಸೀತದೆ," ಅಂದರು.

ಬಡಿಸಲು ಕೂತಾಗಲೇ ಗೊತ್ತಾದದ್ದು. ಯಜಮಾನರಿಗೆ ಬೋಟಿ ಕೂಡದು. ಮಗಳು ಮೊದಲಿನಿಂದಲೂ ಮುಟ್ಟುವವಳಲ್ಲ. ನಾನೋ, ಅದನ್ನು ಬಿಚ್ಚಿಯೇ ವಾಂತಿ ಮಾಡಿಕೊಂಡವಳು. ಅತ್ತೆಯ ತಟ್ಟೆಗೆ ಸೌಟು ಬಗ್ಗಿಸಿದರೆ, ಅವರು ಅಂಗೈ ಅಡ್ಡ ಹಿಡಿದು, "ಬೇಡ, ಬೇಡ. ನಂಗೆ ಆ ವಡೆ ಹಾಕು, ಸ್ವಲ್ಪ ಉಪ್ಸಾರು ಹಾಕು," ಅಂದರು. ಯಜಮಾನರು ಅಮ್ಮನ ಮುಖವನ್ನೂ ಪಾತ್ರೆಯನ್ನೂ ನೋಡಿದರು.

"ಹಂಗಾದ್ರೆ ಇದನ್ನ ತಿನ್ನೋರು ಯಾರು?"

"ತಿನ್ನೋರು ತಿಂದಾಯ್ತಲ್ಲ," ಅಂದರು ಅತ್ತೆ, ಫೋಟೋ ಕಡೆ ಕೈ ತೋರಿಸಿ. ಪಾತ್ರೆಯನ್ನು ಹಾಗೇ ಪಕ್ಕದ ಮನೆಗೆ ಕೊಟ್ಟುಬಂದೆ. ಮೀಲ್ ಮೇಕರನ್ನು ನಾಯಿಗೆ ಹಾಕಿದೆ. ಅದೂ ಮೂಸಿ ಬಿಟ್ಟಿತು. ಯಜಮಾನರ ತಟ್ಟೆಯಲ್ಲಿ ಅವತ್ತು ಮುದ್ದೆ, ಉಪ್ಸಾರು. ಪ್ರೋಟೀನಿನ ಮಾತು ಬರಲಿಲ್ಲ.

ಮಾರನೇ ವರ್ಷದ ಹೊತ್ತಿಗೆ ಮನೆಯಲ್ಲಿ ಬೇಕಾದವರು ಬೇಕಾದ್ದು ತಿನ್ನುವುದು ಅಂತ ಆಗಿತ್ತು. ಇವರು ಸೊಪ್ಪಿನಲ್ಲೇ ಉಳಿದರು, ಬೆರಳೂ ನೆಟ್ಟಗಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಬೇಗ ಎದ್ದು ಹೋಗಿ ಅವರೇ ಬೋಟಿ ತಂದರು. ಹಿತ್ತಲ ಬಾಗಿಲಲ್ಲಿ ನನ್ನ ಕೈಗೆ ಕೊಡಲು ಬಂದಾಗ ಅತ್ತೆ ಅಡ್ಡ ಬಂದರು. "ಅವಳಿಗ್ಯಾಕೆ ಕೊಡ್ತೀಯ? ನಿಮ್ಮಪ್ಪನ ಎಡೆ, ನೀನು ತೊಳಿ."

ಇವರು ನನ್ನ ಮುಖ ನೋಡಿದರು. ನಾನು ಬಿಸಿನೀರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಪಂಚೆ ಮೇಲಕ್ಕೆ ಕಟ್ಟಿ, ಒಗೆಯುವ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಚೀಲ ಬಿಡಿಸಿದರು. ಹಸಿರು ಸಗಣಿ ತಪ್ಪಲೆಗೆ ಜಾರಿತು. "ಅಯ್ಯಪ್ಪಾ!" ಅಂದು ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡರು.

ಅತ್ತೆ ಬಾಗಿ ಆ ಟವೆಲ್ಲನ್ನು ಮೆಲ್ಲಗೆ ಎಳೆದು ತೆಗೆದರು.

"ಮೂಗು ಮುಚ್ಚಬಾರ್ದಪ್ಪ, ಹಿರಿಯರಿಗೆ ಮಾಡೋದು," ಅಂದರು. ನಾನು ಬಿಸಿನೀರು ಹೊಯ್ದೆ. ಇವರು ತೊಳೆದರು.